ಮಗು ಯಾವ ಶಾಲೆಗೆ?

1963ರ ಜೂನ್ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರು ಐರ್ಲೆಂಡಿಗೆ ಭೇಟಿ ನೀಡಿದರು. ವೆಕ್ಸ್‌ಫರ್ಡ್ ಜಿಲ್ಲೆಯ ಒಂದು ಹಳ್ಳಿಮನೆಯ ಅಂಗಳದಲ್ಲಿ ನೆಂಟರೊಡನೆ ಚಹಾ ಕುಡಿದರು. ಅವರ ಮುತ್ತಜ್ಜ 19ನೆಯ ಶತಮಾನದ ನಡುವಿನಲ್ಲಿ ಅಲ್ಲಿಂದಲೇ ಅಮೆರಿಕಕ್ಕೆ ಹೋದವರು. ಹೊರದೇಶಗಳಲ್ಲಿ ನೆಲೆಸಿದ ಲಕ್ಷಾಂತರ ಐರಿಷ್ ಮೂಲದವರಿಗೆ ಆ ನಾಡೆಂದರೆ ಹಸಿರು ಗುಡ್ಡ, ಹಾಡು, ಹಿರಿಯರ ನೆನಪು. ಆದರೆ ಪೂರ್ವಜರ ನಾಡನ್ನು ದೂರದಿಂದ ನೋಡುವುದು ಬೇರೆ, ಅಲ್ಲಿ ಬಾಳುವುದು ಬೇರೆ.

ಕೆನಡಿಯವರ ಭೇಟಿಗೆ ಆರು ವರ್ಷ ಮೊದಲು, 1957ರಲ್ಲಿ, ಅದೇ ಜಿಲ್ಲೆಯ ಫೆಥರ್ಡ್ ಎಂಬ ಕಡಲತಡಿಯ ಊರಿನಲ್ಲಿ ಒಂದು ಘಟನೆ ನಡೆಯಿತು. ಅಲ್ಲಿನ ರೈತ ಶಾನ್ ಕ್ಲೋನಿ ಕ್ಯಾಥೊಲಿಕ್. ಪತ್ನಿ ಶೀಲಾ ಪ್ರಾಟೆಸ್ಟೆಂಟ್. ಇಬ್ಬರೂ ಒಂದೇ ಊರಿನವರು, ಇಬ್ಬರೂ ಕ್ರೈಸ್ತರು. ಆದರೆ ಇಂಥ ಮದುವೆಯಲ್ಲಿ ಹುಟ್ಟುವ ಮಕ್ಕಳನ್ನೆಲ್ಲ ಕ್ಯಾಥೊಲಿಕರಾಗಿಯೇ ಬೆಳೆಸುವುದಾಗಿ ಮಾತು ಕೊಡಬೇಕೆಂಬುದು ಕ್ಯಾಥೊಲಿಕ್ ಚರ್ಚಿನ ಕಟ್ಟಳೆ. 1908ರಲ್ಲಿ ಜಾರಿಗೆ ಬಂದ ‘ನೆ ತೆಮೆರೆ’ ಎಂಬ ಆದೇಶದ ನಂತರ ಐರ್ಲೆಂಡಿನಲ್ಲಿ ಇದು ಬಿಗಿಯಾಗಿತ್ತು.

ಹಿರಿಯ ಮಗಳು ಶಾಲೆಗೆ ಸೇರುವ ವಯಸ್ಸು ಬಂತು. ಊರಿನಲ್ಲಿದ್ದುದು ಎರಡು ಬಗೆಯ ಶಾಲೆ: ಅವರದು, ಇವರದು. ಕ್ಯಾಥೊಲಿಕ್ ಶಾಲೆಗೇ ಸೇರಿಸಬೇಕೆಂಬ ಒತ್ತಾಯ ತಾಳಲಾರದೆ ತಾಯಿ ಇಬ್ಬರು ಹೆಣ್ಣುಮಕ್ಕಳೊಡನೆ ಊರು ಬಿಟ್ಟರು. ಪ್ರಾಟೆಸ್ಟೆಂಟರೇ ಅವರಿಗೆ ನೆರವಾದರೆಂದು ಹೇಳಿ ಕ್ಯಾಥೊಲಿಕರು ಬಹಿಷ್ಕಾರ ಹೂಡಿದರು. ‘ಬಾಯ್‌ಕಾಟ್’ ಎಂಬ ಪದ ಹುಟ್ಟಿದ್ದೂ ಇದೇ ಐರ್ಲೆಂಡಿನಲ್ಲಿ, 1880ರ ರೈತ ಹೋರಾಟದ ಕಾಲದಲ್ಲಿ. ಆಗ ಅದು ಜಮೀನ್ದಾರಿಯ ವಿರುದ್ಧ ಬಡವರ ಅಸ್ತ್ರ. ಈಗ ನೆರೆಮನೆಯವರ ಮೇಲೆ! ಪ್ರಾಟೆಸ್ಟೆಂಟರ ಅಂಗಡಿಗಳಿಗೆ ಗಿರಾಕಿಗಳಿಲ್ಲ. ಸಂಗೀತ ಹೇಳಿಕೊಡುತ್ತಿದ್ದವರಿಗೆ ಶಿಷ್ಯರಿಲ್ಲ.

ಇದನ್ನು ಎಲ್ಲರೂ ಒಪ್ಪಲಿಲ್ಲವೆಂಬುದನ್ನೂ ಹೇಳಬೇಕು. ಶಾನ್ ಅವರೇ ಬಹಿಷ್ಕಾರವನ್ನು ವಿರೋಧಿಸಿದರು. ಸ್ವತಃ ಕ್ಯಾಥೊಲಿಕರಾಗಿದ್ದ ಪ್ರಧಾನಿ ಡಿ ವ್ಯಾಲೆರಾ ಸಂಸತ್ತಿನಲ್ಲಿ ಖಂಡಿಸಿದರು. ಕೊನೆಗೆ ದಂಪತಿಗಳು ಒಂದಾಗಿ ಊರಿಗೆ ಮರಳಿದರು. ಮಕ್ಕಳನ್ನು ಯಾವ ಶಾಲೆಗೂ ಕಳುಹಿಸದೆ ಮನೆಯಲ್ಲೇ ಓದಿಸಿದರು. 1970ರಲ್ಲಿ ಪೋಪ್ ಆರನೆಯ ಪಾಲ್ ಮದುವೆಯ ಕಟ್ಟಳೆ ಸಡಿಲಿಸಿದರು. 1998ರಲ್ಲಿ ಅಲ್ಲಿನ ಬಿಷಪ್ ಆ ಬಹಿಷ್ಕಾರಕ್ಕಾಗಿ ಕ್ಷಮೆ ಕೇಳಿದರು. ಅಷ್ಟರಲ್ಲಿ ನಾಲ್ಕು ದಶಕ ಕಳೆದಿತ್ತು.

ಇದು ಸ್ವತಂತ್ರ ಐರ್ಲೆಂಡಿನ ಮಾತು. 1921ರ ವಿಭಜನೆಯಲ್ಲಿ ಬ್ರಿಟನ್ನಿನೊಡನೆ ಉಳಿದ ಉತ್ತರದ ಆರು ಜಿಲ್ಲೆಗಳಲ್ಲಿ ಒಡಕು ಇನ್ನೂ ಆಳ. ಅಲ್ಲಿ 1960ರ ದಶಕದ ಕೊನೆಯಿಂದ ಮೂರು ದಶಕಗಳ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಒಂದು ಪರಿಣಾಮ ಕಂಡಾಗ ಅದರ ಕಾರಣಗಳನ್ನು ಬಿಡಿಬಿಡಿಯಾಗಿ ನೋಡಬೇಕೆಂದು ನಮ್ಮ ಪ್ರಯೋಗಾಲಯದ ಪಾಠ ಹೇಳುತ್ತದೆ. ಹಾಗೆ ನೋಡಿದರೆ ಇಲ್ಲಿ ಜಗಳ ಬೈಬಲ್ಲಿನ ಅರ್ಥದ ಬಗ್ಗೆ ಅಲ್ಲ. 17ನೆಯ ಶತಮಾನದಲ್ಲಿ ಕಿತ್ತುಕೊಂಡು ಹೊಸಬರಿಗೆ ಹಂಚಿದ ಭೂಮಿ, ಆಮೇಲೆ ಕೆಲಸ, ಮನೆ, ಮತ, ಯಾವ ದೇಶಕ್ಕೆ ಸೇರಬೇಕೆಂಬ ಪ್ರಶ್ನೆ, ಇವೆಲ್ಲ ಸೇರಿವೆ. ಧರ್ಮವೆಂಬುದು ಯಾರು ಯಾವ ಪಕ್ಷವೆಂದು ತೋರಿಸುವ ಗುರುತುಚೀಟಿ. ನಮ್ಮಲ್ಲಿ “ನೀವು ಯಾವ ಜನ?” ಎಂದು ಕೇಳುವಂತೆ ಅಲ್ಲಿ ಹೆಸರು ಮತ್ತು ಓದಿದ ಶಾಲೆಯಿಂದಲೇ ಊಹಿಸಿಬಿಡುತ್ತಾರೆ.

1969ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಎರಡೂ ಕಡೆಯವರ ಬೀದಿಗಳ ನಡುವೆ ಗೋಡೆಗಳೆದ್ದವು. ಹಲವು ಇಂದಿಗೂ ಇವೆ. ಅಂಥ ಊರಿನಲ್ಲಿ 1981ರಲ್ಲಿ ಕೆಲವು ತಂದೆತಾಯಿಗಳು ಸೇರಿ, ಎರಡೂ ಕಡೆಯ ಮಕ್ಕಳು ಒಟ್ಟಿಗೆ ಓದುವ ಲಗಾನ್ ಕಾಲೇಜನ್ನು ತೆರೆದರು. ಹೆಸರು ಕಾಲೇಜಾದರೂ ಅದು ಪ್ರೌಢಶಾಲೆ. ಮೊದಲ ದಿನ ಇದ್ದುದು 28 ಮಕ್ಕಳು. ಇಂದು ಸಾವಿರಕ್ಕೂ ಹೆಚ್ಚು. 1998ರ ಶಾಂತಿ ಒಪ್ಪಂದದಲ್ಲಿಯೂ ಇಂಥ ಶಾಲೆಗಳಿಗೆ ಪ್ರೋತ್ಸಾಹ ಕೊಡಬೇಕೆಂಬ ಮಾತಿದೆ. ಆದರೂ ಅಲ್ಲಿನ ಮಕ್ಕಳಲ್ಲಿ ಈ ಬಗೆಯ ಶಾಲೆಗಳಲ್ಲಿ ಓದುವವರು ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ. ಒಪ್ಪಂದಕ್ಕೆ ಸಹಿ ಬೀಳುವುದಕ್ಕಿಂತ ಬೆಂಚು ಬದಲಾಗುವುದು ನಿಧಾನ.

ಇಬ್ಬರು ಪ್ರೀತಿಸಿ ಮದುವೆಯಾದರೆ ಒಡಕು ತಾನಾಗಿ ಮುಚ್ಚಿಹೋಗುತ್ತದೆಂದು ಸಿನಿಮಾಗಳು ಹೇಳುತ್ತವೆ. ಫೆಥರ್ಡಿನ ದಂಪತಿಗಳಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದುದು ಊರಿನಲ್ಲಿ: ಅವರ ಮಗಳು ಹೋಗಬಹುದಾಗಿದ್ದ ಮೂರನೆಯ ಶಾಲೆ ಅಲ್ಲಿರಲಿಲ್ಲ. ಅಂಥ ಶಾಲೆಯನ್ನು ಪ್ರೇಮಿಗಳಿಬ್ಬರೇ ಕಟ್ಟಲಾರರು. ಅದು ನೆರೆಹೊರೆಯವರೆಲ್ಲ ಸೇರಿ ಮಾಡುವ ಕೆಲಸ. ನಿಮ್ಮ ತರಗತಿಯಲ್ಲಿ ನಿಮ್ಮ ಪಕ್ಕದಲ್ಲಿ ಬೇರೆ ಮನೆತನದ, ಬೇರೆ ಧರ್ಮದ ಗೆಳೆಯರು ಕುಳಿತಿದ್ದರೆ, ಆ ಬೆಂಚನ್ನು ಸಣ್ಣದೆಂದು ತಿಳಿಯಬೇಡಿ.