ಕನ್ನಡ ನಾಡಿನ ಕ್ರೈಸ್ತರು



ಗೋಕಾಕ, ಮೂಡಲಗಿ, ಹುಕ್ಕೇರಿಗಳನ್ನೊಳಗೊಂಡ ಘಟಪ್ರಭೆಯ ಈ ಸೀಮೆಯಲ್ಲಿ ಮಠ, ಗುಡಿ, ದರ್ಗೆಗಳು ಹೆಜ್ಜೆಹೆಜ್ಜೆಗೂ ಕಾಣುವವು. ಕ್ರೈಸ್ತರ ಮನೆಗಳು ಮಾತ್ರ ವಿರಳ. 2011ನೆಯ ಇಸವಿಯ ಖಾನೇಸುಮಾರಿಯ ಪ್ರಕಾರ ಭಾರತದಲ್ಲಿ ಅವರ ಪ್ರಮಾಣವು ನೂರಕ್ಕೆ 2.3, ಕರ್ನಾಟಕದಲ್ಲಿ ನೂರಕ್ಕೆ ಎರಡಕ್ಕಿಂತಲೂ ಕಡಿಮೆ. ಇಷ್ಟು ಚಿಕ್ಕ ಸಮಾಜದ ವಿಷಯವನ್ನು ಮಠದ ಮಹೋತ್ಸವದಲ್ಲಿ ಎತ್ತುವದೇತಕ್ಕೆಂದು ಯಾರಾದರೂ ಕೇಳಬಹುದು. ಬಹುಸಂಖ್ಯಾಕರ ಧರ್ಮವು ಎಂಥದೆಂಬುದು ಅಲ್ಪಸಂಖ್ಯಾಕರೊಡನೆ ಅವರು ನಡೆದುಕೊಳ್ಳುವ ರೀತಿಯಿಂದಲೇ ತಿಳಿಯುವದಾದ್ದರಿಂದ ಈ ವಿಷಯವು ಮಠಕ್ಕೆ ಹೊರಗಿನದಲ್ಲ.

ಕ್ರೈಸ್ತಮತವು ಯುರೋಪಿಯನ್ನರ ಮತವೆಂಬ ಭಾವನೆಯು ಜನರಲ್ಲಿ ಉಂಟು. ಆದರೆ ಯೇಸುವು ಹುಟ್ಟಿದುದು ಏಷ್ಯಾಖಂಡದಲ್ಲಿ. ಕೇರಳದ ಸಿರಿಯನ್ ಕ್ರೈಸ್ತರು ಪೋರ್ತುಗೀಜರು ಬರುವದಕ್ಕಿಂತ ಎಷ್ಟೋ ಶತಮಾನಗಳ ಮೊದಲೇ ಅಲ್ಲಿ ನೆಲೆಸಿದ್ದರು. ಈ ಭಾಗದಲ್ಲಾದರೋ 1820ರಲ್ಲಿ ಲಂಡನ್ ಮಿಶನ್ನಿನವರು ಬೆಳಗಾವಿಯಲ್ಲಿಯೂ, 1837ರಲ್ಲಿ ಬಾಸೆಲ್ ಮಿಶನ್ನಿನವರು ಧಾರವಾಡದಲ್ಲಿಯೂ ನೆಲೆಯೂರಿದರು. ಆಳುವವರ ಮತವೂ ಪಾದ್ರಿಗಳ ಮತವೂ ಒಂದೇ ಆಗಿದ್ದುದರಿಂದ ಜನರು ಸಂಶಯಪಟ್ಟುದು ಸಹಜವೇ. ಹಲವು ಪಾದ್ರಿಗಳು ಇಲ್ಲಿಯ ಪೂಜೆ ಆಚಾರಗಳನ್ನು ಬಿರುನುಡಿಗಳಿಂದ ಹಳಿದರು. ಮತಾಂತರದಿಂದ ಕೆಲವು ಮನೆತನಗಳು ಒಡೆದವು. ಆ ನೋವನ್ನು ಮರೆಮಾಚಬೇಕಾದ ಕಾರಣವಿಲ್ಲ.

ಆದರೆ ಮಾತು ಇಲ್ಲಿಗೇ ಮುಗಿಯುವದಿಲ್ಲ. ಮೋಗ್ಲಿಂಗ್ ಪಾದ್ರಿಗಳು 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರಡಿಸಿದರು. 1848ರಿಂದ ಮುಂದೆ ಅವರು ಪ್ರಕಟಿಸಿದ ಗ್ರಂಥಮಾಲೆಯಲ್ಲಿ ಬಸವಪುರಾಣ, ಚನ್ನಬಸವಪುರಾಣಗಳು ಅಚ್ಚಾದವು. ಕಿಟ್ಟೆಲ್ಲರ ನಿಘಂಟು 1894ರಲ್ಲಿ ಹೊರಬಂದಿತು. ತಮ್ಮ ಮತವನ್ನು ಹರಡಬಂದವರು ಶಿವಶರಣರ ಚರಿತ್ರೆಯನ್ನು ಅಚ್ಚುಕೂಟಕ್ಕೆ ಮುಟ್ಟಿಸಿದರು. ಉದ್ದೇಶವೇನೇ ಇದ್ದಿರಲಿ, ಉಪಕಾರವು ಉಪಕಾರವೇ.

1914ರಲ್ಲಿ ಮಹಾಯುದ್ಧವು ಹೊತ್ತಿಕೊಂಡಾಗ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳು ಬಂಧಿಗಳಾಗಿ, ಬಳಿಕ ನಾಡನ್ನೇ ಬಿಡಬೇಕಾಯಿತು. ಪರದೇಶದ ಆಸರೆ ತಪ್ಪಿದ ಮೇಲೆ ಈ ಮತವು ಬಾಡಿಹೋಗಬೇಕಾಗಿತ್ತು, ಹಾಗೆ ಆಗಲಿಲ್ಲ. ಅದು ಕನ್ನಡ ಮಣ್ಣಿನಲ್ಲಿ ಬೇರುಬಿಟ್ಟಿತ್ತು.

ಇದಕ್ಕೆ ರೆವರೆಂಡ್ ಉತ್ತಂಗಿ ಚನ್ನಪ್ಪನವರೇ (1881–1962) ನಿದರ್ಶನ. ಧಾರವಾಡದಲ್ಲಿ ಹುಟ್ಟಿ ಬಾಸೆಲ್ ಮಿಶನ್ನಿನ ಪಾದ್ರಿಗಳಾದ ಇವರು, ಚದರಿ ಹೋಗಿದ್ದ ಸರ್ವಜ್ಞನ ವಚನಗಳನ್ನು ವರ್ಷಗಟ್ಟಲೆ ಶ್ರಮಪಟ್ಟು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ವು ಹೊರಬಿದ್ದುದು ಅದರ ಹಿಂದಿನ ವರ್ಷ. ಲಿಂಗವಂತ ವಕೀಲರೊಬ್ಬರೂ ಕ್ರೈಸ್ತ ಪಾದ್ರಿಗಳೊಬ್ಬರೂ ಏಕಕಾಲದಲ್ಲಿ ನಾಡಿನ ಹೂಳಿಹೋದ ನಿಧಿಯನ್ನು ಅಗೆಯುತ್ತಿದ್ದರು! ಅನುಭವಮಂಟಪವು ಕೇವಲ ಕಲ್ಪನೆಯೆಂಬ ವಾದವು ಹುಟ್ಟಿದಾಗ ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥ ಬರೆದವರೂ ಇವರೇ. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನವು ಇವರನ್ನು ಅಧ್ಯಕ್ಷ ಪೀಠದಲ್ಲಿ ಕುಳ್ಳಿರಿಸಿತು. ಇಷ್ಟಾಗಿಯೂ ಉತ್ತಂಗಿಯವರು ಕ್ರಿಸ್ತನನ್ನು ಬಿಡಲಿಲ್ಲ, ಬಿಡಬೇಕೆಂದು ಶರಣಸಾಹಿತ್ಯವೂ ಅವರನ್ನು ಕೇಳಲಿಲ್ಲ. ತನ್ನ ನಿಷ್ಠೆಯಲ್ಲಿ ನಿಂತು ನೆರೆಯವನ ಭಂಡಾರವನ್ನು ಕಾಯುವದಕ್ಕಿಂತ ದೊಡ್ಡ ಸೌಹಾರ್ದವು ಯಾವುದು?

ಬಲಾತ್ಕಾರದಿಂದ ಅಲ್ಪಸಂಖ್ಯಾಕರ ನಂಬಿಗೆಯು ಅಳಿಯುವದಿಲ್ಲವೆಂಬುದಕ್ಕೆ ಜಪಾನ ದೇಶವು ಸಾಕ್ಷಿ. ಅಲ್ಲಿ 1614ರಲ್ಲಿ ಕ್ರೈಸ್ತಮತವನ್ನು ದೇಶವ್ಯಾಪಿಯಾಗಿ ನಿಷೇಧಿಸಿದರು. ಎರಡು ಶತಮಾನಗಳಿಗೂ ಮೇಲ್ಪಟ್ಟು ಪಾದ್ರಿಗಳೇ ಇಲ್ಲದೆ, ತಂದೆತಾಯಿಗಳು ಮಕ್ಕಳಿಗೆ ಗುಟ್ಟಾಗಿ ಪ್ರಾರ್ಥನೆ ಕಲಿಸುತ್ತ ಬಂದರು. 1865ರಲ್ಲಿ ನಾಗಸಾಕಿಯಲ್ಲಿ ಅವರ ಸಂತತಿಯವರು ಬೆಳಕಿಗೆ ಬಂದರು. ಇಂದಿಗೂ ಅಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರ ಆಸುಪಾಸಿನಲ್ಲಿಯೇ ಇರುವರು. ಸಂಖ್ಯೆಯು ಬೆಳೆಯಲಿಲ್ಲ, ದೀಪವು ಆರಲಿಲ್ಲ.

1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು ಪ್ರತಿಯೊಬ್ಬನಿಗೂ ಅಂತಃಕರಣದ ಸ್ವಾತಂತ್ರ್ಯವನ್ನು ಕೊಟ್ಟಿದೆ. ಆದರೆ ಕಾಯಿದೆಯು ಹಕ್ಕನ್ನು ಕೊಡಬಲ್ಲದು, ನೆರೆಹೊರೆಯ ವಿಶ್ವಾಸವನ್ನು ಕೊಡಲಾರದು. ಊರಲ್ಲಿ ನಾಲ್ಕೇ ಮನೆಯವರಿದ್ದರೂ ಅವರಿಗೆ ಬಾಡಿಗೆಗೆ ಮನೆ ದೊರೆಯಬೇಕು; ಅವರ ಮಕ್ಕಳನ್ನು ಪರದೇಶದವರೆಂದು ಯಾರೂ ಹಂಗಿಸಬಾರದು; ಅವರ ಸತ್ತವರಿಗೆ ಆರಡಿ ನೆಲವು ಜಗಳವಿಲ್ಲದೆ ಸಿಕ್ಕಬೇಕು. ಲಿಂಗವಂತರೂ ಕ್ರೈಸ್ತರೂ ತಮ್ಮವರನ್ನು ಕೊನೆಗೆ ಒಪ್ಪಿಸುವದು ಒಂದೇ ಭೂಮಿತಾಯಿಯ ಉಡಿಗೆ, ಆಕೆಯು ಭೇದವೆಣಿಸುವದಿಲ್ಲ. ಅತ್ತ, ಅಲ್ಪಸಂಖ್ಯಾಕರೂ ನೆರೆಯವರ ದೇವರನ್ನು ಹಳಿಯದೆ, ಬಡವನ ಕಷ್ಟವನ್ನು ಮತಾಂತರದ ಮೆಟ್ಟಿಲನ್ನಾಗಿ ಮಾಡಿಕೊಳ್ಳದೆ ನಡೆಯುವದು ಯೋಗ್ಯ.

ಕಲ್ಯಾಣದ ಕ್ರಾಂತಿಯ ತರುವಾಯ ಶರಣರೂ ಕೆಲವೇ ಜನರಾಗಿ ದಿಕ್ಕುದಿಕ್ಕಿಗೆ ಚದರಿಹೋದ ದಿವಸಗಳಿದ್ದವು. ಅಂದು ಅವರಿಗೆ ನೆರಳು ಕೊಟ್ಟ ಊರುಗಳ ಪುಣ್ಯವನ್ನು ನೆನೆಯುವ ಭಕ್ತರು, ಇಂದು ತಮ್ಮ ಊರಿನಲ್ಲಿರುವ ಕೆಲವೇ ಜನರಿಗೆ ಅದೇ ನೆರಳಾಗಲಿ. ಸರ್ವರಿಗೂ ಮಂಗಳವಾಗಲಿ.