ಅವಧಿ ಮುಗಿದ ನೆಲೆ

ಅರಬ್ಬಿ ಭಾಷೆಯಲ್ಲಿ 'ಇಖಾಮಾ' ಎಂಬ ಒಂದು ಮಾತಿದೆ. ನಿಲ್ಲುವುದು, ನೆಲೆಗೊಳ್ಳುವುದು ಎಂದು ಅದರ ಅರ್ಥ. ಮಸೀದಿಯಲ್ಲಿ ನಮಾಜು ಆರಂಭವಾಗಲಿದೆ, ಎದ್ದು ನಿಲ್ಲಿರಿ ಎಂದು ಕೊಡುವ ಎರಡನೆಯ ಕರೆಗೂ ಅದೇ ಹೆಸರು. ಕನ್ನಡದ 'ನೆಲೆ'ಯೂ 'ನಿಲ್' ಎಂಬ ಧಾತುವಿಗೆ ಸಂಬಂಧಿಸಿದ್ದೇ. ಮನುಷ್ಯ ಎಲ್ಲಿ ಕಾಲೂರಿ ನಿಲ್ಲಬಲ್ಲನೋ ಅದೇ ಅವನ ನೆಲೆ ಎಂಬ ತಿಳಿವು ಎರಡು ಭಾಷೆಗಳಿಗೂ ಇದ್ದಂತೆ ತೋರುತ್ತದೆ. ಆದರೆ ಸೌದಿ ಅರೇಬಿಯಕ್ಕೆ ದುಡಿಯಲು ಹೋದ ನಮ್ಮ ಮಂಗಳೂರು, ಉಡುಪಿ, ಭಟ್ಕಳ ಕಡೆಯವರ ಬಾಯಲ್ಲಿ ಇಖಾಮಾ ಎಂದರೆ ವಾಸದ ಪರವಾನಗಿ. ಜೇಬಿನಲ್ಲಿಟ್ಟುಕೊಳ್ಳುವ ಒಂದು ಪುಟ್ಟ ಕಾರ್ಡು. ಆ ಕಾರ್ಡಿನ ಅವಧಿ ತೀರಿದಾಗ ಮನುಷ್ಯನ ಸ್ಥಿತಿ ಏನಾಗುತ್ತದೆ ಎಂಬುದನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲಿಗೆ ತಾರೀಖಿನ ಮಾತು. ನಾನು ಅಲ್ಲಿದ್ದ ಕಾಲದಲ್ಲಿ ಇಖಾಮಾದ ಮೇಲೆ ಬರೆದಿರುತ್ತಿದ್ದುದು ಹಿಜರಿ ಪಂಚಾಂಗದ ದಿನಾಂಕ. ನಮ್ಮ ಚಾಂದ್ರಮಾನದಂತೆ ಅದೂ ಚಂದ್ರನನ್ನೇ ಅನುಸರಿಸುತ್ತದೆ. ಆದರೆ ನಮ್ಮವರು ಎರಡು ಮೂರು ವರ್ಷಕ್ಕೊಮ್ಮೆ ಅಧಿಕಮಾಸವನ್ನು ಸೇರಿಸಿ ಯುಗಾದಿಯನ್ನು ವಸಂತದಲ್ಲಿಯೇ ಉಳಿಸಿಕೊಂಡರು. ಹಿಜರಿ ಲೆಕ್ಕದಲ್ಲಿ ಅಧಿಕಮಾಸವಿಲ್ಲ. ಆದ್ದರಿಂದ ಆ ವರ್ಷ ಸುಮಾರು 354 ದಿನಗಳಿಗೇ ಮುಗಿಯುತ್ತದೆ. ಗೋಡೆಯ ಕ್ಯಾಲೆಂಡರನ್ನು ನಂಬಿ ಇನ್ನೂ ಹತ್ತು ದಿನವಿದೆ ಎಂದುಕೊಂಡವನು ಆಗಲೇ ಅವಧಿ ಮೀರಿದವನಾಗಿರುತ್ತಿದ್ದುದುಂಟು.

ಎರಡನೆಯದು ಕಾನೂನಿನ ಮಾತು. ಸೌದಿಯ 2005ರ ಕಾರ್ಮಿಕ ಕಾನೂನಿನ 40ನೆಯ ವಿಧಿ ಸ್ಪಷ್ಟವಾಗಿದೆ. ಇಖಾಮಾದ ಶುಲ್ಕ, ಕೆಲಸದ ಪರವಾನಗಿಯ ಶುಲ್ಕ, ಅವುಗಳ ನವೀಕರಣ, ತಡವಾದರೆ ಬೀಳುವ ದಂಡ, ಎಲ್ಲವೂ ಮಾಲೀಕನ ಹೊಣೆ. ಅಲ್ಲಿ ಅವನನ್ನು ಕಫೀಲ ಎನ್ನುತ್ತಾರೆ. ಎಂದರೆ ಜಾಮೀನು ನಿಂತವನು. ನವೀಕರಿಸುವ ಅಧಿಕಾರವೂ ಅವನದೇ. ಕೆಲಸಗಾರ ತನ್ನ ಕೈಯ ಹಣ ಕೊಟ್ಟರೂ ತಾನೇ ಹೋಗಿ ಅದನ್ನು ಮಾಡಿಸಿಕೊಳ್ಳಲಾರ. ಆದರೆ ಹೆದ್ದಾರಿಯ ತಪಾಸಣೆ ಕಟ್ಟೆಯಲ್ಲಿ ಪೊಲೀಸಿನವನು ಕೈ ಚಾಚಿ ಕೇಳುವುದು ಕೆಲಸಗಾರನನ್ನು. ಸಾಲ ಮಾಡಿದವನೊಬ್ಬ, ಸೆರೆಗೆ ಹೋಗುವವನು ಇನ್ನೊಬ್ಬ ಎಂಬಂತೆ. ಈ ವಿಷಯದ ತಿರುಳು ಇಷ್ಟೇ.

2014ರ ನಡುವಿನಲ್ಲಿ ನೂರು ಡಾಲರಿಗೂ ಮೇಲಿದ್ದ ಒಂದು ಪೀಪಾಯಿ ಕಚ್ಚಾ ತೈಲದ ಬೆಲೆ 2016ರ ಜನವರಿಯಲ್ಲಿ ಮೂವತ್ತಕ್ಕಿಂತ ಕೆಳಗಿಳಿಯಿತು. ಸರ್ಕಾರದ ಕಾಮಗಾರಿಗಳ ಬಿಲ್ಲುಗಳು ನಿಂತವು. ಗುತ್ತಿಗೆದಾರರ ಕೈ ಬರಿದಾಯಿತು. ನಾನು ಆಗ ಜುಬೈಲಿನ ಒಂದು ಗುತ್ತಿಗೆ ಸಂಸ್ಥೆಯಲ್ಲಿ ಲೆಕ್ಕ ಬರೆಯುವವನು. ಮೊದಲು ಸಂಬಳ ನಿಂತಿತು. ಆಮೇಲೆ ಇಖಾಮಾಗಳ ನವೀಕರಣ. ನನ್ನದು ಏಳು ತಿಂಗಳು ಹಾಗೆಯೇ ಇತ್ತು.

ಆ ಏಳು ತಿಂಗಳಲ್ಲಿ ನಾನು ಕಲಿತದ್ದು, ಒಂದು ಕಾಗದಕ್ಕೆ ಎಷ್ಟು ಬೇರುಗಳಿರುತ್ತವೆ ಎಂಬುದನ್ನು. ಬ್ಯಾಂಕಿನ ಖಾತೆಗೆ ತಡೆ ಬಿತ್ತು. ಊರಿಗೆ ಹಣ ಕಳಿಸುವ ದಾರಿ ಮುಚ್ಚಿತು. ಆರೋಗ್ಯ ವಿಮೆ ಕಡಿಯಿತು. ನಮ್ಮ ವಸತಿಯ ಅಡಿಗೆಯವನು ಕುಂದಾಪುರದ ಕಡೆಯವನು, ಸಕ್ಕರೆ ಕಾಯಿಲೆಯವನು. ಔಷಧಿಗಾಗಿ ಆಸ್ಪತ್ರೆಗೆ ಹೋಗಲು ಅಂಜಿ, ಊಟವನ್ನೇ ಕಡಿಮೆ ಮಾಡಿಕೊಂಡ. ಶುಕ್ರವಾರಗಳಲ್ಲಿ ದಮ್ಮಾಮಿಗೆ ಹೋಗಿ ಊರವರೊಡನೆ ತುಳು ಮಾತಾಡಿ ಬರುವ ಸುಖವೂ ನಿಂತಿತು, ನಡುವೆ ತಪಾಸಣೆ ಕಟ್ಟೆ ಇದ್ದುದರಿಂದ.

ಬಿಟ್ಟು ಹೋಗಬಾರದೇ ಎಂದು ತಾವು ಕೇಳಬಹುದು. ವಿಚಿತ್ರವಿರುವುದು ಇಲ್ಲಿಯೇ. ಅಲ್ಲಿಂದ ಕೊನೆಯದಾಗಿ ಹೊರಡುವುದಕ್ಕೂ ನಿರ್ಗಮನದ ವೀಸಾ ಬೇಕು. ಅದನ್ನು ಪಡೆಯಲು ಇಖಾಮಾ ಊರ್ಜಿತವಾಗಿರಬೇಕು. ಇರುವ ಹಕ್ಕಿಲ್ಲದವನಿಗೆ ಹೋಗುವ ಹಕ್ಕೂ ಇಲ್ಲ. ತ್ರಿಶಂಕುವಿಗಾದರೂ ವಿಶ್ವಾಮಿತ್ರ ಒಂದು ಸ್ವರ್ಗ ಕಟ್ಟಿಕೊಟ್ಟ. ನಮಗೆ ಇದ್ದುದು ಎಂಟು ಮಂಚಗಳ ಒಂದು ಕೊಠಡಿ. ಆ ಕೊಠಡಿಯಲ್ಲಿದ್ದಾಗಲೇ ನನ್ನ ತಂದೆ ತೀರಿಕೊಂಡ ಸುದ್ದಿ ಬಂತು. ಹಿರಿಯ ಮಗ ನಾನು. ಉತ್ತರಕ್ರಿಯೆಯನ್ನು ತಮ್ಮ ಮಾಡಿದ. ಹದಿಮೂರನೆಯ ದಿನ ಅಡಿಗೆಯವನು ತಾನಾಗಿಯೇ ಪಾಯಸ ಮಾಡಿ ಬಡಿಸಿದ. ಯಾರೂ ಹೆಚ್ಚು ಮಾತಾಡಲಿಲ್ಲ.

ನಾವು ಆರು ಮಂದಿ ಕರಾರು ಪತ್ರ, ಸಂಬಳದ ಚೀಟಿ, ಇಖಾಮಾದ ನಕಲುಗಳನ್ನು ಜೋಡಿಸಿಕೊಂಡು ಕಾರ್ಮಿಕ ಕಚೇರಿಯಲ್ಲಿ ದೂರು ಕೊಟ್ಟೆವು. ಎರಡು ವಿಚಾರಣೆಗೆ ಸಂಸ್ಥೆಯವರು ಬರಲಿಲ್ಲ. ಮೂರನೆಯದಕ್ಕೆ ಒಬ್ಬ ಪ್ರತಿನಿಧಿ ಬಂದು ಸಂಧಾನ ಮುಂದಿಟ್ಟ. ಬಾಕಿಯ ಅರ್ಧವನ್ನು ಬಿಟ್ಟರೆ ಇಖಾಮಾ ನವೀಕರಿಸಿ ಊರಿಗೆ ಕಳಿಸುತ್ತೇವೆ ಎಂದ. ಇಬ್ಬರು ಒಪ್ಪದೆ ಬೇರೆ ಮಾಲೀಕನಲ್ಲಿಗೆ ವರ್ಗ ಮಾಡಿಸಿಕೊಂಡು ಅಲ್ಲಿಯೇ ಉಳಿದರು. ಉಳಿದ ನಾಲ್ವರು ಸಹಿ ಹಾಕಿದೆವು. ಎರಡರಲ್ಲಿ ಯಾವುದು ಜಾಣತನ ಎಂದು ತೂಗುವ ತಕ್ಕಡಿ ನನ್ನಲ್ಲಿಲ್ಲ. ಸಾಲದ ಭಾರ ಇದ್ದವರು ಉಳಿದರು. ಮನೆಯ ಸೆಳೆತ ಹೆಚ್ಚಿದ್ದವರು ಹೊರಟರು.

ಇದು ಆರು ಜನರ ಕಥೆಯಷ್ಟೇ ಆಗಿರಲಿಲ್ಲ. ಅದೇ 2016ರ ಬೇಸಗೆಯಲ್ಲಿ ಜಿದ್ದಾದ ಶಿಬಿರಗಳಲ್ಲಿ ಸಾವಿರಾರು ಭಾರತೀಯರು ಸಂಬಳವಿಲ್ಲದೆ, ಊಟವಿಲ್ಲದೆ ಕುಳಿತಿದ್ದರು. ನಮ್ಮ ದೂತಾವಾಸದವರು ಆಹಾರ ಹಂಚಿದರು. ವಿದೇಶಾಂಗ ರಾಜ್ಯ ಸಚಿವರಾಗಿದ್ದ ವಿ. ಕೆ. ಸಿಂಗ್ ಅಲ್ಲಿಗೆ ಹೋದರು. ಮಾಲೀಕನ ಒಪ್ಪಿಗೆಯಿಲ್ಲದೆ ನಿರ್ಗಮನದ ವೀಸಾ ಕೊಡಲು ಸೌದಿ ಸರ್ಕಾರ ಸಮ್ಮತಿಸಿತು. ಅದಕ್ಕೆ ಮುಂಚೆ 2013ರಲ್ಲಿ, ಆಮೇಲೆ 2017ರಲ್ಲಿ, ಕಾಗದಪತ್ರ ಸರಿಯಿಲ್ಲದವರು ದಂಡವಿಲ್ಲದೆ ಹೊರಟುಹೋಗಬಹುದೆಂದು ಕ್ಷಮಾದಾನದ ಗಡುವುಗಳನ್ನು ಘೋಷಿಸಿದ್ದುಂಟು. 2021ರ ಮಾರ್ಚ್ 14ರಿಂದ ಜಾರಿಗೆ ಬಂದ ಸುಧಾರಣೆಯಂತೆ ಒಂದು ವರ್ಷ ದುಡಿದವನು, ನೋಟೀಸು ಮೊದಲಾದ ನಿಬಂಧನೆಗಳಿಗೆ ಒಳಪಟ್ಟು, ಮಾಲೀಕನ ಅಪ್ಪಣೆಯಿಲ್ಲದೆಯೂ ಬೇರೆ ಕೆಲಸಕ್ಕೆ ಹೋಗಬಹುದಾಗಿದೆ. ಗಂಟು ಪೂರ್ತಿ ಬಿಚ್ಚದಿದ್ದರೂ ಸಡಿಲವಾಗಿದೆಯೆಂದು ಹೇಳಬಹುದು.

ಹೊರಡುವ ತರುಣರಿಗೆ ನಾಲ್ಕು ಮಾತು. ಪ್ರತಿಯೊಂದು ಕಾಗದದ ನಕಲೂ ಊರಿನ ಮನೆಯಲ್ಲಿರಲಿ. ಅವಧಿಯ ತಾರೀಖನ್ನು ಎರಡೂ ಪಂಚಾಂಗಗಳಲ್ಲಿ ಗುರುತು ಹಾಕಿಕೊಳ್ಳಿ. ಹಂಗು ಹರಿದುಕೊಂಡು ರಾತ್ರೋರಾತ್ರಿ ಕೆಲಸ ಬಿಟ್ಟು ಹೋಗಬೇಡಿ. ಓಡಿಹೋದವನೆಂದು, ಅಲ್ಲಿಯ ಮಾತಿನಲ್ಲಿ 'ಹುರೂಬ್' ಎಂದು, ಮಾಲೀಕ ದಾಖಲಿಸಿದರೆ ನ್ಯಾಯ ನಿಮ್ಮ ಕಡೆ ಇದ್ದರೂ ದೂರು ದುರ್ಬಲವಾಗುತ್ತದೆ. ನಮ್ಮ ರಾಯಭಾರ ಕಚೇರಿಗೆ ಬೇಗನೆ ಬರೆಯಿರಿ. 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇರುವುದೇ ಇಂಥ ಸಂಕಟಕ್ಕೆ. ಪಾಸ್‌ಪೋರ್ಟು ಕೈಯಲ್ಲಿಲ್ಲದವನಿಗೆ ಊರು ಸೇರಲು ತುರ್ತು ಪ್ರಯಾಣ ಪತ್ರವನ್ನೂ ಅಲ್ಲಿ ಕೊಡುತ್ತಾರೆ.

ಕೊನೆಗೆ, ಇದು ಮರಳುಗಾಡಿನವರು ಮಾತ್ರ ಮಾಡುವ ಲೆಕ್ಕವೆಂದು ಭಾವಿಸಬಾರದು. ನಮ್ಮ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟನ್ನರನ್ನು ನೋಡಿರಿ. ಕಾಡು ಕಡಿದು ಜೋಳ ಬೆಳೆದವರು. ಅವರಲ್ಲಿ ಕನ್ನಡ ಆಡುವವರು ಎಷ್ಟೋ ಮಂದಿ. ಆದರೂ ಅವರು ತಮ್ಮ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳುತ್ತಲೇ ಇರಬೇಕು. ಯಾವ ರಾಜ್ಯಕ್ಕಾದರೂ ತನ್ನ ಗಡಿಯೊಳಗೆ ಇರುವವರು ಯಾರೆಂದು ತಿಳಿಯುವ ಹಕ್ಕಿದೆ. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಪತ್ರದ ಅವಧಿ ಮುಗಿದರೆ ಮುಗಿಯುವುದು ಪತ್ರದ ಅವಧಿ ಮಾತ್ರ. ಅದನ್ನು ಹಿಡಿದವನ ಹಸಿವು, ಕಾಯಿಲೆ, ತಂದೆತಾಯಿಗಳ ಋಣ, ಇವು ಯಾವುದೇ ಪಂಚಾಂಗದ ತಾರೀಖಿಗೆ ಮುಗಿಯುವುದಿಲ್ಲ. ಕಿಟಕಿಯ ಆಚೆ ಕುಳಿತ ಗುಮಾಸ್ತ ಯಾವ ದೇಶದವನೇ ಆಗಲಿ, ಇಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಸಾಲು ನಿಂತವರ ಪಾಡು ಎಷ್ಟೋ ಹಗುರವಾದೀತು.