ನಾಯಿಯ ಬೆನ್ನು ಅದುರಿದಾಗ

ಎತ್ತಿನ ಮೈಮೇಲೆ ನೊಣ ಕೂತರೆ ಏನಾಗುತ್ತದೆ ಎಂಬುದನ್ನು ಲಕ್ಕಲಕಟ್ಟಿ, ಗಜೇಂದ್ರಗಡ, ರೋಣ, ನರಗುಂದದ ಒಕ್ಕಲು ಮಂದಿಗೆ ನಾನು ಹೇಳಬೇಕಾಗಿಲ್ಲ. ಎತ್ತು ಮೆಲುಕು ಹಾಕುವುದನ್ನು ಬಿಡುವುದಿಲ್ಲ, ಕತ್ತು ಸಹ ತಿರುಗಿಸುವುದಿಲ್ಲ. ನೊಣ ಕೂತಷ್ಟೇ ಜಾಗದಲ್ಲಿ ಚರ್ಮ ಪಟಪಟ ಅದುರುತ್ತದೆ, ನೊಣ ಏಳುತ್ತದೆ. ಚರ್ಮದ ಅಡಿಯಲ್ಲಿ ಹರಡಿಕೊಂಡಿರುವ ಒಂದು ತೆಳ್ಳನೆಯ ಸ್ನಾಯುವಿನ ಕೆಲಸ ಅದು. ನಾಯಿಗೂ ಆ ಸ್ನಾಯು ಇದೆ. ನಮ್ಮಲ್ಲಿ ಅಂಥದ್ದು ಮುಖ್ಯವಾಗಿ ಮುಖ, ಕುತ್ತಿಗೆಯಲ್ಲಷ್ಟೇ ಉಳಿದಿದೆ. ಕನ್ನಡಿಯ ಮುಂದೆ ನಿಂತು, ಹಲ್ಲು ಕಚ್ಚಿ, ಬಾಯಿಯ ಎರಡೂ ಮೂಲೆಗಳನ್ನು ಕೆಳಕ್ಕೆ ಜಗ್ಗಿ ನೋಡಿ. ಗಂಟಲಿನ ಮೇಲೆ ಗೆರೆ ಗೆರೆಯಾಗಿ ಎದ್ದು ಕಾಣುತ್ತದೆ. ಬೆನ್ನ ಮೇಲಿನ ಸೊಳ್ಳೆಗೆ ಮಾತ್ರ ನಾವು ಕೈ ಎತ್ತಲೇಬೇಕು.

ಹಾಗಾಗಿ ನಾಯಿಯ ಚರ್ಮ ಅದುರುವುದೇ ಒಂದು ರೋಗವಲ್ಲ. ನಿನ್ನೆಯವರೆಗೆ ಬೆನ್ನು ಸವರಿದರೆ ಕಣ್ಣು ಮುಚ್ಚಿ ಸುಖಪಡುತ್ತಿದ್ದ ನಾಯಿ ಇವತ್ತು ಸೊಂಟದ ಹತ್ತಿರ ಬೆರಳು ತಾಗಿದರೂ ಬೆಚ್ಚಿ, ಯಾರೋ ಹೊಡೆದಂತೆ ಹಿಂದಕ್ಕೆ ತಿರುಗಿ, ನಾಲ್ಕು ಹೆಜ್ಜೆ ಓಡಿ ಕುಕ್ಕರಿಸಿದರೆ, ಅದು ಯಾಕೆ ಎಂಬುದು ಪ್ರಶ್ನೆ. ದೃಷ್ಟಿಯಾಗಿದೆ ಎನ್ನುವವರಿದ್ದಾರೆ, ಹುಚ್ಚು ಹಿಡಿಯಿತು ಎಂದು ಕೋಲು ಹುಡುಕುವವರೂ ಇದ್ದಾರೆ. ಬಹಳ ಸಲ ಅದು ಚಿಗಟ.

ಇಂಗ್ಲೆಂಡಿನ ಶರೀರವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ ನಾಯಿಯ ಕೆರೆತವನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಸಣ್ಣ ಸೂಜಿಯ ಮೊನೆಯಿಂದ ತುಸುವೇ ವಿದ್ಯುತ್ ಹಾಯಿಸಿ ಚಿಗಟದ ಕಡಿತವನ್ನು ಅನುಕರಿಸುತ್ತಿದ್ದರು. ಆ ಸಾಧನಕ್ಕೆ ಅವರು ಕೊಟ್ಟ ಹೆಸರೇ ವಿದ್ಯುತ್ ಚಿಗಟ. 1906ರಲ್ಲಿ ಪುಸ್ತಕವಾಗಿ ಬಂದ ಈ ಕೆಲಸದಲ್ಲಿ ಅವರು ತೋರಿಸಿದ್ದು ಇದು: ಕುದುರೆಗೆ ಜೀನು ಹಾಕುವಂಥ ಆ ಬೆನ್ನಿನ ಭಾಗದಲ್ಲಿ ಎಲ್ಲಿ ಕೆಣಕಿದರೂ ನಾಯಿಯ ಹಿಂಗಾಲು ಸೆಕೆಂಡಿಗೆ ನಾಲ್ಕೈದು ಸಲ ಲಯವಾಗಿ ಕೆರೆಯುತ್ತದೆ, ಅದಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ, ಬೆನ್ನುಹುರಿಯೇ ಸಾಕು. 1932ರಲ್ಲಿ ಅವರಿಗೆ ನೊಬೆಲ್ ಬಂತು. ಆ ಪ್ರಯೋಗದ ನಾಯಿಗಳ ಪಾಡು ಓದಿದರೆ ಇಂದು ಸಂಕಟವಾಗುತ್ತದೆ, ಆ ಮಾತು ಬೇರೆ. ನಮಗೆ ಬೇಕಾದದ್ದು ಇಷ್ಟೇ: ಬೆನ್ನು ಮುಟ್ಟಿದಾಗ ನಾಯಿಯ ಕಾಲು ಗಾಳಿಯಲ್ಲಿ ಕೆರೆದರೆ ಅದು ನಾಟಕ ಮಾಡುತ್ತಿಲ್ಲ, ತಡೆಯುವುದು ಅದರ ಕೈಯಲ್ಲೂ ಇಲ್ಲ.

ಕೆಲವು ನಾಯಿಗಳಿಗೆ ಚಿಗಟದ ಎಂಜಲು ಒಗ್ಗುವುದಿಲ್ಲ. ಒಂದೆರಡು ಕಡಿದರೂ ಬಾಲದ ಬುಡ, ಸೊಂಟ, ತೊಡೆಯ ಹಿಂಭಾಗ ಉರಿಯತೊಡಗುತ್ತದೆ. ಹುಡುಕಿದರೆ ಹುಳ ಸಿಗದೆ ಹೋಗಬಹುದು, ಅದರ ಹಿಕ್ಕೆ ಸಿಗುತ್ತದೆ. ಬಾಲದ ಬುಡದ ಕೂದಲನ್ನು ಹಣಿಗೆಯಿಂದ ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಮಾಡಿದ ಬಿಳಿ ಅರಿವೆಯ ಮೇಲೆ ಹಾಕಿ ಸ್ವಲ್ಪ ಹೊತ್ತು ಬಿಡಿ. ಮಣ್ಣಾಗಿದ್ದರೆ ಮಣ್ಣಿನ ಬಣ್ಣ. ಸುತ್ತ ಕೆಂಪು ಬಿಟ್ಟುಕೊಂಡರೆ ಅದು ಚಿಗಟ ಕುಡಿದು ಜೀರ್ಣಿಸಿಕೊಂಡ ರಕ್ತ. ಮುಧೋಳ ತಳಿಯಂಥ ಗಿಡ್ಡ ಕೂದಲಿನ ನಾಯಿಯಲ್ಲಿ ಚರ್ಮದ ಅಲೆ ಬರಿಗಣ್ಣಿಗೇ ಕಾಣುತ್ತದೆ. ಜೂಲು ನಾಯಿಯಲ್ಲಿ ಅಂಗೈ ಇಟ್ಟೇ ತಿಳಿಯಬೇಕು.

ಇದು ಒಮ್ಮೆಲೇ ಶುರುವಾಗುವುದಕ್ಕೂ ಕಾರಣವಿದೆ. ನಾಯಿಯ ಮೈಮೇಲಿರುವುದು ಬೆಳೆದ ಚಿಗಟ ಮಾತ್ರ. ಮೊಟ್ಟೆಗಳು ಉದುರಿ ನೆಲದ ಬಿರುಕು, ಗೋಣಿಚೀಲ, ಕೌದಿಯ ಮಡಿಕೆ ಸೇರುತ್ತವೆ. ಗೂಡು ಕಟ್ಟಿಕೊಂಡ ಚಿಗಟ ತಿಂಗಳುಗಟ್ಟಲೆ ಕಾದಿದ್ದು, ನೆಲ ಅಲುಗಿದಾಗ, ಬಿಸಿಮೈ ಹತ್ತಿರ ಬಂದಾಗ ಹೊರಬೀಳಬಲ್ಲದು. ಗೋವಾ, ಮಂಗಳೂರು ಅಂತ ಗುಳೆ ಹೋದವರು ಹಬ್ಬಕ್ಕೆ ಬಂದು ಬೀಗ ತೆಗೆದ ದಿನವೇ ಮನೆತುಂಬ ಚಿಗಟವಾಗುವುದು ಹೀಗೆ. ಕುರಿ ತರುಬಿದ ಹೊಲದಿಂದ, ಮನೆಯ ಬೆಕ್ಕಿನಿಂದಲೂ ಬರುತ್ತದೆ.

ಇಲ್ಲಿಗೆ ಬಂದಾಗಲೇ ನನಗೆ ಹೆದರಿಕೆ. ಚಿಗಟ ಕಂಡಿತೆಂದರೆ ನಮ್ಮ ಕೈ ಹೋಗುವುದು ಎಲ್ಲಿಗೆ? ಹತ್ತಿಗೋ ಕಡಲೆಗೋ ಹೊಡೆದು ಉಳಿದ ಎಣ್ಣಿಯ, ಅಂದರೆ ಕೀಟನಾಶಕದ, ಬಾಟಲಿಗೆ. ಇಲ್ಲವೆ ದನದ ಉಣ್ಣಿಗೆ ತಂದದ್ದನ್ನು ಅಂದಾಜಿನಲ್ಲಿ ಬಕೆಟ್ಟಿಗೆ ಸುರಿಯುತ್ತೇವೆ. ಹುರುಕು ಹತ್ತಿದ ನಾಯಿಗೆ ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಬಳಿಯುವುದಂತೂ ಊರೂರಲ್ಲಿದೆ; ಅದನ್ನು ನಾಯಿ ನೆಕ್ಕಿ ಹೊಟ್ಟೆಗೆ ಇಳಿಸಿಕೊಳ್ಳುತ್ತದೆ.

ಎಣ್ಣಿ ಹೊಡೆದು ಬಂದ ಸಂಜೆ ಕೆನ್ನೆ, ಕುತ್ತಿಗೆ ಚುರುಚುರು ಅಂದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಗಾಯವಿಲ್ಲ, ದದ್ದಿಲ್ಲ, ಬೆವರು ತಾಗಿದರೆ ಉರಿ. ಮರುದಿನದ ಹೊತ್ತಿಗೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಇರುವ ಪೈರೆಥ್ರಾಯ್ಡ್ ಗುಂಪಿನ ಗುಣವೇ ಅದು. ನರದ ಸಂದೇಶ ಹಾಯಲು ತೆರೆದುಕೊಳ್ಳುವ ಪುಟ್ಟ ಬಾಗಿಲುಗಳಿವೆ. ಅವು ಹೊತ್ತಿಗೆ ಸರಿಯಾಗಿ ಮುಚ್ಚದಂತೆ ಈ ವಿಷ ಹಿಡಿದಿಡುತ್ತದೆ. ಯಾರೂ ಮುಟ್ಟದಿದ್ದರೂ ನರ ಸುದ್ದಿ ಕಳಿಸುತ್ತಲೇ ಇರುತ್ತದೆ. ನಮಗೆ ಕೆನ್ನೆಗಷ್ಟೇ ಆದದ್ದು ನಾಯಿಗೆ ಇಡೀ ಮೈಗೆ ಆಗುತ್ತದೆ, ಮೇಲೆ ನೆಕ್ಕಿಯೂ ಕೊಳ್ಳುತ್ತದೆ. ಕಿವಿ ಒದರುತ್ತದೆ, ಪಂಜ ಝಾಡಿಸುತ್ತದೆ, ಬೆನ್ನಿನ ಚರ್ಮ ಅಲೆಅಲೆಯಾಗಿ ಅದುರುತ್ತದೆ. ಚಿಗಟದ ಅದುರಿಗೆ ಹಾಕಿದ ಮದ್ದು ಅದಕ್ಕಿಂತ ಕೆಟ್ಟ ಅದುರನ್ನು ತಂದಿರುತ್ತದೆ. ಮನೆಯವರು ಇನ್ನೂ ಚಿಗಟ ಹೋಗಿಲ್ಲ ಎಂದು ಮತ್ತೊಮ್ಮೆ ಸುರಿಯುತ್ತಾರೆ. ಹೊಲದ ಸೈಪರ್‌ಮೆಥ್ರಿನ್ ಬರುವುದು ಪ್ರತಿಶತ 10, 25ರ ಸಾಂದ್ರತೆಯಲ್ಲಿ, ಎಣ್ಣೆಯಂಥ ದ್ರಾವಕದ ಜೊತೆಗೆ. ಅದು ಪ್ರಾಣಿಯ ಚರ್ಮಕ್ಕಾಗಿ ಮಾಡಿದ್ದೇ ಅಲ್ಲ. ಬೆಕ್ಕಿಗಂತೂ ಈ ಗುಂಪು ಪ್ರಾಣಕ್ಕೇ ಮುಳುವು.

ಕ್ಲೋರ್‌ಪೈರಿಫಾಸ್‌ನಂಥ ಆರ್ಗ್ಯಾನೋಫಾಸ್ಫೇಟ್ ಇನ್ನೂ ಕ್ರೂರ. ಸ್ನಾಯುವಿಗೆ ಬಂದ ಆಜ್ಞೆಯನ್ನು ಅಳಿಸಿಹಾಕುವ ಕಿಣ್ವವನ್ನೇ ಅದು ಕಟ್ಟಿಹಾಕುತ್ತದೆ. ಚರ್ಮದಡಿ ಹುಳು ಹರಿದಾಡಿದಂತೆ ಮಾಂಸ ಕುಣಿಯುತ್ತದೆ, ಜೊಲ್ಲು ಸುರಿಯುತ್ತದೆ, ವಾಂತಿ, ಭೇದಿ, ಕಣ್ಣಿನ ಪಾಪೆ ಸಾಸಿವೆಯಷ್ಟಾಗುತ್ತದೆ. ಆಗ ತಡಮಾಡದೆ ಪಶುವೈದ್ಯರಲ್ಲಿಗೆ ಹೋಗಿ. ಬಾಟಲಿಯನ್ನು ಜೊತೆಗೆ ಒಯ್ಯಿರಿ, ಏಕೆಂದರೆ ಇದಕ್ಕೆ ಅಟ್ರೋಪಿನ್ ಕೊಡುತ್ತಾರೆ, ಪೈರೆಥ್ರಾಯ್ಡ್‌ಗೆ ಅದು ಪ್ರತಿವಿಷವಲ್ಲ. ಲೇಬಲ್ಲಿನ ತ್ರಿಕೋನ ಕೆಂಪಾಗಿದ್ದರೆ ಅತಿ ವಿಷ, ಹಳದಿ ಅದರ ನಂತರ, ಆಮೇಲೆ ನೀಲಿ, ಹಸಿರು. ಮೈಗೆ ಬಿದ್ದದ್ದಷ್ಟೇ ಆಗಿದ್ದು ನಾಯಿ ಎಚ್ಚರವಾಗಿದ್ದರೆ, ಕೈಗವಸು ತೊಟ್ಟು, ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಮೆದು ಸೋಪಿನಿಂದ ತೊಳೆದು ಒರೆಸಿ, ನೆಕ್ಕದಂತೆ ನೋಡಿಕೊಳ್ಳಿ. ಬಲವಂತವಾಗಿ ವಾಂತಿ ಮಾಡಿಸಬೇಡಿ, ಹಾಲು ಎಣ್ಣೆ ಹುಯ್ಯಬೇಡಿ.

ಚಿಗಟವೂ ಇಲ್ಲ, ಎಣ್ಣಿಯೂ ತಾಗಿಲ್ಲ ಎಂದಾದರೆ ಬೆರಳಿನಿಂದ ನಿಧಾನ ತಡಕಿ. ಗುಡ್ಡದಲ್ಲಿ ಓಡಾಡುವ ನಾಯಿಗೆ ಒಣಹುಲ್ಲಿನ ಮೊನಚು ತೆನೆಮುಳ್ಳು ಚರ್ಮ ಹೊಕ್ಕು ಒಳಗೇ ಸರಿಯುತ್ತದೆ. ಒಂದು ಗಂಟು, ಸಣ್ಣ ತೂತು, ತೇವ ಕಾಣಬಹುದು. ತುರಿಕೆಯಾದರೆ ನಾಯಿ ತಿರುಗಿ ಕಚ್ಚಿಕೊಳ್ಳುತ್ತದೆ. ಬೆನ್ನೆಲುಬಿನ ನೋವಾದರೆ ಕುಂಯ್‌ಗುಡುತ್ತದೆ, ಬೆನ್ನು ಗೂನಾಗಿಸಿ ನಿಲ್ಲುತ್ತದೆ, ದಿನಾ ಹತ್ತುತ್ತಿದ್ದ ಕಟ್ಟೆ ಹತ್ತುವುದಿಲ್ಲ. ವೈದ್ಯರು ಬೆನ್ನಿನ ಇಕ್ಕೆಲದ ಚರ್ಮವನ್ನು ಸೊಂಟದಿಂದ ಮುಂದಕ್ಕೆ ಚಿವುಟುತ್ತ ಹೋಗುವುದು ಇದಕ್ಕೇ. ಬೆನ್ನುಹುರಿಗೆ ಜೋರು ಪೆಟ್ಟಾಗಿದ್ದರೆ ಅದರ ಹಿಂದಿನ ಭಾಗದಲ್ಲಿ ಅದುರು ಇರುವುದಿಲ್ಲ, ಮುಂದೆ ಇರುತ್ತದೆ. ಅದುರದಿರುವುದೇ ಅಲ್ಲಿ ಕೆಟ್ಟ ಸುದ್ದಿ.

ಮರಿಗಳ ವಿಷಯದಲ್ಲಿ ಡಿಸ್ಟೆಂಪರ್ ನೆನಪಿಡಿ. ಮೊದಲು ಜ್ವರ, ಕಣ್ಣು ಮೂಗಿನಲ್ಲಿ ಕೀವು, ಭೇದಿ. ಗುಣವಾಯಿತು ಎಂದುಕೊಂಡ ಮೇಲೆ, ಕೆಲವು ವಾರ ಕಳೆದು, ಒಂದೇ ಕಾಲೋ ದವಡೆಯೋ ತಾಳ ಹಿಡಿದಂತೆ ಕುಪ್ಪಳಿಸತೊಡಗುತ್ತದೆ. ನಿದ್ದೆಯಲ್ಲಿ ಕನಸು ಕಾಣುವ ನಾಯಿಯೂ ಕಾಲಾಡಿಸುತ್ತದೆ, ಎಬ್ಬಿಸಿದರೆ ನಿಲ್ಲುತ್ತದೆ. ಡಿಸ್ಟೆಂಪರಿನದು ಎದ್ದಾಗಲೂ ಮಲಗಿದಾಗಲೂ ಅದೇ ಜಾಗ, ಅದೇ ಲಯ. ಇದಕ್ಕೆ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಆರೆಂಟು ವಾರದಿಂದ ಹಾಕಿಸುವ ಲಸಿಕೆಯೇ ರಕ್ಷಣೆ. ಮರಿ ಹಾಕಿ ಎರಡು ಮೂರು ವಾರವಾದ ತಾಯಿನಾಯಿ ಏದುಸಿರು ಬಿಟ್ಟು, ಕಾಲು ಸೆಟೆದು ನಡುಗಿದರೆ ರಕ್ತದ ಕ್ಯಾಲ್ಸಿಯಂ ಕುಸಿದಿರಬಹುದು. ಮರಿಗಳನ್ನು ಬೇರೆ ಮಾಡಿ, ಅದೇ ಗಳಿಗೆ ವೈದ್ಯರಲ್ಲಿಗೆ. ರೇಬೀಸ್ ಲಸಿಕೆ ಇಲ್ಲದ ನಾಯಿಯ ಸ್ವಭಾವವೇ ಬದಲಾಗಿ ಜೊಲ್ಲು ಸುರಿದರೆ ಬಾಯಿಗೆ ಕೈ ಹಾಕಬೇಡಿ. ಕಚ್ಚಿದ್ದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ನೀವು ಮೊದಲು ಆಸ್ಪತ್ರೆಗೆ ಹೋಗಿ.

ದವಾಖಾನೆಗೆ ಒಯ್ದಾಗ ನಾಯಿ ಹೆದರಿ ಕಲ್ಲಿನಂತೆ ನಿಂತುಬಿಡುತ್ತದೆ, ಅದುರು ಕಾಣುವುದೇ ಇಲ್ಲ. ಮನೆಯಲ್ಲೇ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಹೋಗಿ. ಮುಖ್ಯವಾಗಿ ದನಕರುಗಳಿಗಾಗಿ ಇರುವ 1962 ಸಹಾಯವಾಣಿಗೆ ಕರೆಮಾಡಿದರೆ ಹತ್ತಿರದ ಪಶುವೈದ್ಯರು ಎಲ್ಲಿ ಎಂದಾದರೂ ಕೇಳಬಹುದು. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ. ನಮ್ಮ ತಲೆನೋವಿನ ಮಾತ್ರೆ ನಾಯಿಗೆ ಬೇಡ. ವಿಷ ತೊಳೆಯುವಾಗ ಬಿಟ್ಟರೆ, ಮೈ ತೊಳೆಯಲು ನಮ್ಮ ಸಾಬೂನೂ ಬೇಡ. ನಾಯಿಯ ಚರ್ಮ ನಮ್ಮದಕ್ಕಿಂತ ತೆಳು, ಅದಕ್ಕೆ ನಮ್ಮಷ್ಟು ಆಮ್ಲಗುಣ ಇಲ್ಲ.

ವೈದ್ಯರು ತೂಕ ನೋಡಿ ಕೊಟ್ಟ ಚಿಗಟದ ಮದ್ದು ಹಾಕಿದ ಮೇಲೂ ಎರಡು ಮೂರು ವಾರ, ಒಮ್ಮೊಮ್ಮೆ ಇನ್ನೂ ಹೆಚ್ಚು ದಿನ, ಹೊಸ ಚಿಗಟ ಕಾಣುತ್ತಲೇ ಇರುತ್ತವೆ. ನೆಲದ ಗೂಡುಗಳಿಂದ ಒಡೆದು ಬಂದವು ಅವು; ಮದ್ದು ಸೋತಿದೆ ಎಂದಲ್ಲ. ಆ ದಿನಗಳಲ್ಲಿ ಎಣ್ಣಿಯ ಬಾಟಲಿ ಮುಟ್ಟದೆ, ಮೂಲೆ ಮೂಲೆ ಗುಡಿಸಿ ಕಸ ಸುಟ್ಟು, ನಾಯಿ ಮಲಗುವ ಚೀಲ, ಕೌದಿಯನ್ನು ಕುದಿನೀರಿನಲ್ಲಿ ಅದ್ದಿ ಬಿಸಿಲಿಗೆ ಹರವಿ. ಮನೆಯಲ್ಲಿ ಬೆಕ್ಕಿದ್ದರೆ ಅದಕ್ಕೆ ಬೇರೆಯದೇ ಮದ್ದು ಬರೆಸಿಕೊಳ್ಳಿ.